ಷರಾ

ಹೆಸರು ಕಮಲಾಕ್ಷ. ನಗಬೇಡಿ,
ಇಟ್ಟವರಿಗೇನು ಗೊತ್ತಿತ್ತು, ಏಳನೆಯ ವರ್ಷಕ್ಕೆ
ಚಿನ್ನಿಕೋಲಿನ ಚಿನ್ನಿ ಹಾರಿ ಬಂದು
ಎಡಗಣ್ಣಿನ ದೀಪ ಆರಿಸೀತೆಂದು.

ಮುಹರ್ರಕ್‌ನ ಈ ಲೈಬ್ರರಿಯಲ್ಲಿ ನನ್ನ ಕೆಲಸ
ಜೋಡಿ ಚಿತ್ರಗಳ ಧೂಳು ಊದುವುದು,
ಹುಳಿ ವಾಸನೆ ಬಂದೀತೇ ಎಂದು ಮೂಸುವುದು
(ಬಂದರೆ ಫಿಲಮ್ ಸಾಯುತ್ತಿದೆ ಎಂದರ್ಥ),
ಬಿಳಿ ಕೈಗವಸು ತೊಟ್ಟು, ಅಂಚು ಮಾತ್ರ ಹಿಡಿದು
ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸುವುದು,
ಎಡ ಒಂದು, ಬಲ ಒಂದು.
ಆಮೇಲೆ ನಂಬರು, ಜಾಗ, ಅಂದಾಜು ವರ್ಷ, ಷರಾ.
ಹೊರಗೆ ನಲವತ್ತಾರು ಡಿಗ್ರಿ, ಒಳಗೆ ಹದಿನೆಂಟು.
ಜುಲೈಯಲ್ಲಿ ಸ್ವೆಟರ್ ತೊಟ್ಟವನನ್ನು ಕಂಡು
ಚಹಾ ತರುವ ಹುಡುಗನಿಗೆ ದಿನವೂ ಹೊಸ ನಗು.

ಎರಡೂ ಒಂದೇ ಚಿತ್ರವಲ್ಲವೇ ಎನ್ನುತ್ತಾರೆ ಜನ.
ಅಲ್ಲ.
ಎಡದಲ್ಲಿ ಹಗ್ಗ ಕಂಬಕ್ಕೆ ತಾಗಿದೆ,
ಬಲದಲ್ಲಿ ತಾಗಿಲ್ಲ, ನಡುವೆ ಕೂದಲೆಳೆಯಷ್ಟು ಆಕಾಶ.
ಆ ಎಳೆ ಹಿಡಿದೇ ಹಡಗು ಮುಂದೆ ಬರುತ್ತದಂತೆ,
ಸಮುದ್ರ ಹಿಂದಕ್ಕೆ ಸರಿಯುತ್ತದಂತೆ.
ಅಂತೆ ಎನ್ನುತ್ತೇನೆ, ನಾನು ಕಂಡಿಲ್ಲ.
ನೋಟದ ಪೆಟ್ಟಿಗೆಗೆ ಕಿಟಕಿ ಎರಡು,
ನನ್ನಲ್ಲಿ ಬಾಡಿಗೆಗಿರುವವನು ಒಬ್ಬನೇ.

ಗುರುವಾರ ಶಾಲೆಯ ಮಕ್ಕಳು ಬರುತ್ತಾರೆ,
ಕೆಂಪು-ನೀಲಿ ಕಾಗದದ ಕನ್ನಡಕ ಹಾಕಿ
ಗೋಡೆಯಲ್ಲಿ ತೂಗುವ ಮೀನಿಗೆ ಕೈ ಚಾಚುತ್ತಾರೆ.
ಕೈ ಎಲ್ಲಿ ನಿಂತಿತೋ ಮೀನು ಅಲ್ಲಿದೆ,
ಹಾಗೆಂದು ಬರೆದುಕೊಳ್ಳುತ್ತೇನೆ.
ಒಮ್ಮೆ ಎಡಬಲ ಅದಲುಬದಲಾಗಿ
ದೂರದ ಮಿನಾರು ಮೂಗಿನ ತುದಿಗೆ ಬಂತು,
ಎದುರು ನಿಂತ ಕತ್ತೆ ಗೋಡೆಯೊಳಗೆ ಹೂತುಹೋಯಿತು.
ಮಕ್ಕಳು ಚೀರಿದರು. ತಪ್ಪು ನನಗೆ ತಿಳಿದದ್ದು ಹಾಗೆ.

ಕತೀಫಿನಿಂದ ಯಾರೋ ಬರೆದರು:
ನಲವತ್ತರಲ್ಲಿ ಬಲೆ ಸುತ್ತುತ್ತಿರುವವನು ನನ್ನ ಸೋದರಮಾವ,
ದಯವಿಟ್ಟು ಹೆಸರು ಸೇರಿಸಿ.
ಸೇರಿಸಿದೆ.

ಟ್ರಂಕು ತಂದವಳು ಸಬೀಕಾ ಅಜ್ಜಿ,
ಟವೆಲಿನಲ್ಲಿ ಸುತ್ತಿದ ಮುನ್ನೂರ ಹನ್ನೆರಡು ಜೋಡಿ.
ಗಂಡ ಖಮೀಸ್, ಕಸ್ಟಮ್ಸಿನ ಗುಮಾಸ್ತ.
ಎರಡು ಕಣ್ಣಿನ ಕ್ಯಾಮರಾಕ್ಕೆ ಸಂಬಳ ಸಾಲದೆ
ಒಂಟಿ ಕಣ್ಣಿನದರಲ್ಲೇ ಒಮ್ಮೆ ಕ್ಲಿಕ್ಕಿಸಿ
ನಾಲ್ಕು ಬೆರಳು ಸರಿದು ಮತ್ತೆ ಕ್ಲಿಕ್ಕಿಸುತ್ತಿದ್ದನಂತೆ.
"ಅಲ್ಲಾಡಬೇಡ! ಮದುವೆಯ ಮೊದಲ ವರ್ಷವೆಲ್ಲ
ನನ್ನೊಡನೆ ಆಡಿದ್ದು ಅದೊಂದೇ ಮಾತು."

ನೂರ ಹದಿನೇಳರಲ್ಲಿ ಅವಳು ಅಲ್ಲಾಡಿದ್ದಾಳೆ.
ಎಡದಲ್ಲಿ ನೀಲಿ ಬಾಗಿಲಿಗೆ ಒರಗಿ, ತುಟಿ ಬಿಗಿದು.
ಬಲದಲ್ಲಿ ಅದೇ ಬಾಗಿಲು, ಅದೇ ಮೊಳೆ,
ಚೌಕಟ್ಟಿನಂಚಿನಲ್ಲಿ ಅದೇ ಬೆಕ್ಕಿನ ಬಾಲ,
ಆದರೆ ಹಲ್ಲೆಲ್ಲ ಕಾಣುವಂತೆ ನಗು.
ಪೆಟ್ಟಿಗೆಯಲ್ಲಿಟ್ಟು ನೋಡಿದವರಿಗೆ ಮುಖ
ಕಾದ ಡಾಂಬರಿನ ಮೇಲಿನ ಗಾಳಿಯ ಹಾಗೆ ನಡುಗುತ್ತದೆ.
ಮೇಲಿನವರು ಗುರುತು ಹಾಕಿದರು: ಜೋಡಿ ಕೂಡದು. ಕೈಬಿಡಿ.

ನೋಡಲು ಎರಡು ಕಣ್ಣು ಸಾಲದು ಅನ್ನುತ್ತಾರಲ್ಲ,
ಇದನ್ನು ನೋಡಲು ಎರಡು ಕಣ್ಣು ಜಾಸ್ತಿ.
ಒಂದನ್ನು ಮುಗಿಸಿಯೇ ಇನ್ನೊಂದಕ್ಕೆ ಹೋಗುವ ನನಗೆ
ನಡುವಿನ ನಾಲ್ಕು ಬೆರಳು ಕಂಡವು:
ಅವನು ಸರಿದದ್ದು, ಸರಿಯುವಾಗ
ಬಕೆಟ್ಟು ಎಡವಿದನೋ, ಏನಾದರೂ ಅಂದನೋ.

ನನ್ನ ಹರಕು ಅರಬಿಯಲ್ಲಿ ಅವಳನ್ನೇ ಕೇಳಿದೆ.
ಅವಳು ಪೆಟ್ಟಿಗೆಗೆ ಮುಖವಿಟ್ಟಳು.
ಒಂದು ಕಣ್ಣು ಮುಚ್ಚಿದಳು. ತೆರೆದಳು. ಇನ್ನೊಂದು ಮುಚ್ಚಿದಳು.
ಎಂಬತ್ತಮೂರರ ಮುದುಕಿ, ಎಸಿಯ ಗುಂಯ್ ಸದ್ದಿನಲ್ಲಿ,
ಐದು ನಿಮಿಷ ಯಾರಿಗೋ ಕಣ್ಣು ಹೊಡೆಯುತ್ತ ಕೂತಳು.
ಆಮೇಲೆ, "ಅದನ್ನೆಲ್ಲ ಬರೆಯಬೇಡ."

ಬರೆದಿಲ್ಲ. ಚಿತ್ರ ಮಾತ್ರ ಪಟ್ಟಿಯಲ್ಲಿದೆ,
ಯಾರು ಬೇಕಾದರೂ ಕೇಳಿ ಪಡೆಯಬಹುದು.
ನಂಬರು ೧೧೭. ಅಂಚಿನಲ್ಲಿ ತುಸು ಬೂಷ್ಟು.
ಷರಾ: ಒಂದೊಂದೇ ಕಣ್ಣಿನಿಂದ ನೋಡತಕ್ಕದ್ದು.