ಕೊಸರು

ಎರಡು ವರ್ಷಕ್ಕೊಮ್ಮೆ ಬೈತಖೋಲ ಬಂದರಿಗೆ ಹೋಗುತ್ತೇನೆ.
ಚೀಲದಲ್ಲಿ ಹಿತ್ತಾಳೆಯ ಬಟ್ಟು, ಸುತ್ತಿಗೆ, ಮುದ್ರೆಯ ಉಳಿ,
ಕಾರ್ಬನ್ ಹಾಳೆ ಸಿಕ್ಕಿಸಿದ ರಸೀದಿ ಪುಸ್ತಕ.
ಇಲಾಖೆಯ ಹೆಸರು ಉದ್ದ. ಮೀನು ಮಾರುವ ಹೆಂಗಸರ ಬಾಯಲ್ಲಿ ನಾನು
ಬರೇ ತೂಕದವ.
ನನ್ನದೇ ತೂಕ ಐವತ್ತು ದಾಟಿಲ್ಲ ಎಂದು ಅವರಿಗೆ ನಗು.

ಶೆವಂತಿ ಹರಿಕಂತ್ರಳ ಎರಡು ಕಿಲೋ ಕಲ್ಲು
(ಕಬ್ಬಿಣದ್ದು; ಅವಳಿಗೆ ಈಗಲೂ ಅದು ಕಲ್ಲೇ)
ಈ ಸಲ ನನ್ನ ಹಿತ್ತಾಳೆಯೆದುರು ಸೋತು ಮೇಲಕ್ಕೆದ್ದಿತು.
ಹದಿನೆಂಟು ಗ್ರಾಂ ಸೇರಿಸಿದ ಮೇಲೆ ಮುಳ್ಳು ನೆಟ್ಟಗಾಯಿತು.
ಹದಿನೆಂಟು ಗ್ರಾಂ ಎಂದರೆ ಒಂದು ಎಳೆ ತಾರ್ಲೆ.

"ಎಲ್ಲೋಯ್ತು?" ಎಂದಳು, ಕಳ್ಳನನ್ನು ಕೇಳುವಂತೆ.
ನಾನು ಕಡಲಿನ ಕಡೆ ಕೈ ತೋರಿಸಿದೆ.
ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ;
ಇಲ್ಲಿ ಉಪ್ಪೇ ತಿಂದಿದೆ,
ತುಕ್ಕಿನ ಹೊಪ್ಪಳಿಕೆಯಾಗಿ, ದಿನಾ ಒಂದು ಚೂರು,
ಸಂಜೆ ಹಲಗೆ ತೊಳೆದ ನೀರಿನ ಜೊತೆ.

ಐಸ್ ಪೆಟ್ಟಿಗೆಯ ಮೇಲೆ ಕೂತ ಮಗಳು ಪ್ರಣಾಲಿ,
ಒಂಬತ್ತನೇ ಇಯತ್ತೆ, ನಾಳೆ ವಿಜ್ಞಾನದ ಪರೀಕ್ಷೆ,
ಪುಸ್ತಕದಿಂದ ತಲೆ ಎತ್ತದೆ ಓದಿದಳು:
ದ್ರವ್ಯರಾಶಿ ಎಲ್ಲಿಗೆ ಹೋದರೂ ಬದಲಾಗುವುದಿಲ್ಲ.
"ಇದು ಇಲ್ಲೇ ಇತ್ತಲ್ಲ ಸರ್, ಮತ್ತೆ?"
ಇದು ಎಲ್ಲಿಗೂ ಹೋಗಲಿಲ್ಲ ಮಗಾ.
ಇದರಿಂದ ಸ್ವಲ್ಪ ಹೋಯಿತು.
ಅದು ಬೇರೆ ಮಾತು.

ಪಕ್ಕದ ಹಲಗೆಯಲ್ಲಿ ಸ್ಪ್ರಿಂಗ್ ಕಾಟಾ ನೇತಾಡುತ್ತಿತ್ತು,
ಕೊಕ್ಕೆಗೆ ಆರು ಕಿಲೋ ಇಸವಣ.
ಅದು ಕೇಳುವುದು ಒಂದೇ ಪ್ರಶ್ನೆ: ನೆಲ ನಿನ್ನನ್ನು ಎಷ್ಟು ಎಳೆಯುತ್ತಿದೆ?
ತಕ್ಕಡಿ ಹಾಗಲ್ಲ. ಈಚೆಗೆ ನೀನು, ಆಚೆಗೆ ಇವನು,
ನೆಲ ಇಬ್ಬರನ್ನೂ ಎಳೆಯಲಿ, ನೋಡುವಾ, ಅನ್ನುತ್ತದೆ.
ಎರಡನ್ನೂ ಚಂದ್ರನಿಗೆ ಒಯ್ದರೆ
ಕಾಟಾದ ಮುಳ್ಳು ಒಂದು ಕಿಲೋಗೇ ನಿಂತುಬಿಡುತ್ತದೆ,
ಇಸವಣ ಅಷ್ಟೇ ಉದ್ದ, ಅಷ್ಟೇ ಮಾಂಸ, ಅಷ್ಟೇ ಮುಳ್ಳು.
ತಕ್ಕಡಿ ಮಾತ್ರ ನಿಧಾನಕ್ಕೆ ತೂಗಾಡಿ ತೂಗಾಡಿ
ಕಡೆಗೆ ಹೇಳುವುದು ಕಾರವಾರದಲ್ಲಿ ಹೇಳಿದ್ದನ್ನೇ.

"ಅಲ್ಲಿ ಗಿರಾಕಿ ಯಾರು ಸಾಹೇಬ್ರೆ?"

ಅವಳ ಒಂದು ಕೈ ತಕ್ಕಡಿಯ ಹಿಡಿಯಲ್ಲಿ,
ಕಾಲ್ಬೆರಳಿಗೆ ಕಟ್ಟಿದ ದಾರ ಹಿಂದಿನ ಕಂಬದ ಸೀರೆಜೋಲಿಗೆ;
ಒಳಗೆ ನಾದಿನಿಯ ಕೂಸು.
ಮೀನನ್ನೂ ತೂಗುತ್ತೇವೆ, ಕೂಸನ್ನೂ ತೂಗುತ್ತೇವೆ,
ಎರಡಕ್ಕೂ ಕೆಳಗಿನಿಂದ ಸಿಗುವುದು ಒಂದೇ ಸೆಳೆತ.
ನ್ಯಾಯವಾಗಿ ನೋಡಿದರೆ ಒಂದು ಕ್ರಿಯಾಪದ ಸಾಕು.
ಚಂದ್ರನ ಮೇಲೆ ಆ ಜೋಲಿ ಒಮ್ಮೆ ಹೋಗಿ ಬರಲು
ಇಲ್ಲಿಯ ಎರಡೂವರೆ ಪಟ್ಟು ಹೊತ್ತು ಬೇಕು.
ಇದನ್ನು ನಾನು ಹೇಳಲಿಲ್ಲ.
ಕೂಸು ಆಗತಾನೇ ಕಣ್ಣು ಮುಚ್ಚಿತ್ತು.

ನಿಯಮ ನಿಯಮವೇ. ಕಲ್ಲಿಗೆ ಮುದ್ರೆ ಒತ್ತಲಿಲ್ಲ.
ಅಡಿಯ ತೂತಿಗೆ ಸೀಸ ಹೊಯ್ಯಿಸಿ ತನ್ನಿ ಎಂದೆ.
ಅವಳು ಲೆಕ್ಕಕ್ಕೆ ಕೂತಳು: ದಿನಕ್ಕೆ ಎಷ್ಟು ಸಲ ಈ ಕಲ್ಲು,
ಎರಡು ವರ್ಷಕ್ಕೆ ಎಷ್ಟು ದಿನ,
ಎಷ್ಟು ಮನೆಯ ಸಾರಿನಲ್ಲಿ ಒಂದೊಂದು ತಾರ್ಲೆ ಕಡಿಮೆ.
ಮುಖ ಸಪ್ಪಗಾಯಿತು.
ಆಮೇಲೆ ತಟ್ಟನೆ, "ಕೊಸರು?"
ತೂಗಿ ಮುಗಿದ ಮೇಲೆ, ತಕ್ಕಡಿಯನ್ನು ಕೇಳದೆ
ಗಿರಾಕಿಯ ಚೀಲಕ್ಕೆ ಎಸೆಯುವ ಒಂದು,
ಬಸುರಿಯರಿಗೆ ಎರಡು.
"ಅದನ್ನೂ ಬರ್ಕೊಳ್ಳಿ."
ರಸೀದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಹೊರಗೆ ಉಬ್ಬರ. ದೋಣಿಗಳು ಧಕ್ಕೆಯ ಎತ್ತರಕ್ಕೆ ಬಂದಿದ್ದವು.
ಹಗಲು; ಚಂದ್ರ ಎಲ್ಲೂ ಕಾಣಲಿಲ್ಲ.
ಆದರೂ ಬಂದರಿನ ತಟ್ಟೆಗೆ
ಬೆಳಿಗ್ಗೆಗಿಂತ ಒಂದಿಷ್ಟು ಹೆಚ್ಚು ನೀರು.
ಗೇಟಿನವರೆಗೆ ಬಂದಿದ್ದೆ, ಹಿಂದಿನಿಂದ ಪ್ರಣಾಲಿಯ ಕೂಗು:
"ಎರಡೇ ಮಾರ್ಕಿನ ಪ್ರಶ್ನೆ ಸರ್,
ಎರಡೇ ಸಾಲಲ್ಲಿ ಹೇಳಿ!"