ಎರಡು ಮನೆ

ಗುನ್ಸಾನ್ ಬಂದರಿನಲ್ಲಿ, ಬಲೆಯಂಗಡಿಯ ಮೇಲಿನ ಅಟ್ಟದಲ್ಲಿ
ಶನಿವಾರ ಮೂರಕ್ಕೆ ಪಾಠ.
ದೋಣಿ ಟಿಕೆಟ್ಟಿನ ಕಿಂಡಿಯಲ್ಲಿ ಮೂವತ್ತು ವರ್ಷ ಕೂತೆದ್ದ
ಪ್ಯೋನ್ ಮಾಕ್‌ಸುನ್ ಹಲಗೆ ಒರೆಸುತ್ತಾಳೆ,
ಚಿಲ್ಲರೆ ಎಣಿಸಿದ ಬೆರಳಲ್ಲೇ
ಕಾಯಿ ಎಣಿಸಿ ಬಟ್ಟಲಿಗೆ ಸುರಿಯುತ್ತಾಳೆ.

ಗ್ಯುರಿಗೆ ಎಂಟು ವರ್ಷ. ಮೊದಲ ಕಾಯನ್ನೇ
ಚೌಕದ ಒಳಗಿಟ್ಟಳು,
ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ.
‘ಒಳಗಲ್ಲ ಕಣೇ. ಗೆರೆಗೆ ಗೆರೆ ಕೂಡುವಲ್ಲಿ ಇಡು.
ನಡುವಲ್ಲಿಟ್ಟರೆ ನಾಲ್ಕು ಉಸಿರು,
ಅಂಚಿಗೆ ಮೂರು,
ಮೂಲೆಗೆ ಎರಡೇ.
ಎಲ್ಲ ಮುಚ್ಚಿಹೋದರೆ ಎತ್ತಿಬಿಡಬೇಕು. ಅಳಬಾರದು.’
‘ಅತ್ತರೆ?’
‘ಅತ್ತುಕೊಂಡೇ ಎತ್ತು.’

ಕುದುರೆಯಿಲ್ಲ, ಆನೆಯಿಲ್ಲ, ರಾಜನೂ ಇಲ್ಲ;
ಎಲ್ಲ ಕಾಯಿಯೂ ಒಂದೇ, ಅವರೆಕಾಳಿನ ಹಾಗೆ.
ಇಟ್ಟದ್ದು ನಡೆಯುವುದಿಲ್ಲ.
ಇಟ್ಟಲ್ಲೇ ಇದ್ದು
ಪಕ್ಕದ್ದರ ಕೈ ಹಿಡಿಯುವುದಷ್ಟೇ ಅದಕ್ಕೆ ಗೊತ್ತು.

ಬದುಕ್ ಎಂದು ಈ ಆಟಕ್ಕೆ ಅಲ್ಲಿ ಹೆಸರು.
ಹಿಂದಿನ ಚಾಪೆಯಲ್ಲಿ ಕೂತು ಕಲಿಯುವ ನನ್ನ ಕಿವಿ
ಬೇಡವೆಂದರೂ ಕೊನೆಗೊಂದು ಕೊಂಬು ಹಚ್ಚುತ್ತದೆ.

ಇವತ್ತು ಬ್ಯೋಂಗ್‌ಹೂನ್ ಅವಳ ಏಳು ಕಾಯಿಗಳನ್ನು ಸುತ್ತುಗಟ್ಟಿದ.
ಮಾಕ್‌ಸುನ್ ಬಗ್ಗಿ ತೋರಿಸಿದಳು:
‘ಒಂದೇ ಮನೆ ಇದ್ದರೆ
ಸುತ್ತಿದವನು ಕೊನೆಗೆ ಅದರೊಳಕ್ಕೂ ಬಂದು ಕೂರುತ್ತಾನೆ.
ಎರಡಿದ್ದರೆ
ಎರಡಕ್ಕೂ ಒಮ್ಮೆಗೇ ಕಾಲಿಡಲಾರ.
ಎರಡು ಮನೆ ಇದ್ದವರಿಗೆ ಸಾವಿಲ್ಲ, ನೆನಪಿಟ್ಟುಕೋ.’

ಗ್ಯುರಿ ತಲೆ ಎತ್ತಲಿಲ್ಲ.
‘ನನಗೂ ಎರಡು. ಅಮ್ಮಂದು ಇಲ್ಲಿ.
ಅಪ್ಪಂದು ಇಕ್ಸಾನಿನಲ್ಲಿ. ರೈಲಲ್ಲಿ ಹೋಗಬೇಕು.’

ಕೆಳಗೆ ಯಾರೋ ಬಲೆ ಕೊಡವಿದರು.
ಮಾಕ್‌ಸುನ್ ಬಾಯಿ ತೆರೆದಳು, ಕಿಂಡಿ ಮುಚ್ಚುವಂತೆ ಮುಚ್ಚಿದಳು.
‘ನಿನ್ನ ಸರದಿ’ ಅಂದಳು.

ಆಟ ಮುಗಿದ ಮೇಲೆ
ಸೆರೆಸಿಕ್ಕ ಕಾಯಿಗಳನ್ನೆಲ್ಲ ಅವರವರ ಮನೆಗೇ ತುಂಬಬೇಕು;
ಆಮೇಲೂ ಯಾರಲ್ಲಿ ಹೆಚ್ಚು ಖಾಲಿ ಉಳಿಯಿತೋ ಅವರು ಗೆದ್ದಂತೆ.
ಗ್ಯುರಿ ಹನ್ನೊಂದರಿಂದ ಸೋತಳು.
ತನ್ನ ಬಿಳಿ ಕಾಯಿಗಳನ್ನು ಒಂದೊಂದಾಗಿ
ಒಳಗೆ ಕರೆದುಕೊಂಡಳು, ಅವಸರವಿಲ್ಲದೆ.

ಸಂಜೆ ಬಟ್ಟಲು ಎಣಿಸಿದಾಗ ಬಿಳಿ ಒಂದು ಕಡಿಮೆ.
ಮಾಕ್‌ಸುನ್ ಚಾಪೆ ಕೊಡವಲಿಲ್ಲ,
ಯಾರ ಜೇಬನ್ನೂ ಕೇಳಲಿಲ್ಲ.
ಹೊಲಿಗೆ ಡಬ್ಬಿಯಿಂದ ಒಂದು ಅಂಗಿಗುಂಡಿ ತೆಗೆದು ಅದರೊಳಗೆ ಹಾಕಿ,
ಲೆಕ್ಕ ತಾಳೆಯಾಗದೆಯೇ
ಬೀಗ ಹಾಕಿದಳು.