ಹದಿನಾಲ್ಕನೇ ಪ್ರಶ್ನೆ

ಇಪ್ಪತ್ತಾರು ಮನೆ. ಇಪ್ಪತ್ತಾರು ಸಲ ಎಂಟು.
ಕಾಲಮ್ಮಿನ ಮೇಲಿಂದ ಕೆಳತನಕ
ಎಂಟು, ಎಂಟು, ಎಂಟು,
ಚೆನ್ನಾಗಿ ಹೊಸೆದ ಹುರಿಯ ಹಾಗೆ
ಎಲ್ಲೂ ಒಂದು ಗಂಟಿಲ್ಲ.

'ದಿನಕ್ಕೆ ಎಷ್ಟು ಗಂಟೆ ಮಗ್ಗದ ಮುಂದೆ?'
ಜೀವ ಇರುವ ಜನ ಹೀಗೆ
ಒಂದೇ ಉತ್ತರ ಕೊಡುವುದಿಲ್ಲ, ರುಹೀನಾ,
ಎಂದು ನಾನು ಹೇಳಲಿಲ್ಲ.

ಆರೋಗ್ಯ ಕೇಂದ್ರದ ಹಿಂದಿನ ಕೋಣೆ,
ಲಸಿಕೆಯ ತಂಪು ಡಬ್ಬಿಗಳ ನಡುವೆ ಶನಿವಾರದ ಪಾಠ.
ಐದು ಜನ, ನಾಲ್ಕು ಕುರ್ಚಿ.
ಬೋರ್ಡಿಲ್ಲದ್ದಕ್ಕೆ ಹಳೇ ಪೋಲಿಯೋ ಪೋಸ್ಟರಿನ ಬೆನ್ನು.
ನಾನು ಅದರ ಮೇಲೆ ಸರಾಸರಿ ಎಂದೇನೋ ಬರೆಯುತ್ತಿದ್ದೆ,
ನೀನು ಕಣ್ಣು ತಪ್ಪಿಸಿ
ಟ್ಯಾಬ್ಲೆಟ್ಟಿನ ಚಾರ್ಜು ನೋಡುತ್ತಿದ್ದೆ.

ಸೋಮವಾರ ಯಲಹಂಕದಲ್ಲಿ ಬಸ್ಸು ಹತ್ತಿದೆವು.
ರಾಜಾನುಕುಂಟೆ ದಾಟಿದ ಮೇಲೆ ಸೀಟು ಸಿಕ್ಕಿತು,
ಮಾತು ಸಿಗಲಿಲ್ಲ.

ದೊಡ್ಡಬಳ್ಳಾಪುರದ ಒಳಬೀದಿ.
ಗೋಡೆ ಮುಟ್ಟಿದರೆ ಗೋಡೆಯೇ ನಡುಗುತ್ತದೆ.
ಒಳಗೆ ನಾಲ್ಕು ಮಗ್ಗ;
ಆ ಸದ್ದು ಕಿವಿಗಿಂತ ಮೊದಲು
ಎದೆಯ ಮೂಳೆಗೆ ಕೇಳಿಸುತ್ತದೆ.
ಸಂಪಂಗಮ್ಮ ತಲೆಯೆತ್ತಿ ನಿನ್ನ ತುಟಿ ನೋಡಿದಳು.
'ಎಷ್ಟು ಗಂಟೆ?' ಕಿರುಚಿದೆ ನೀನು.
ಅವಳು ಗೋಡೆಯ ಗಡಿಯಾರ ತೋರಿಸಿದಳು:
ಹತ್ತೂ ಮುಕ್ಕಾಲು.

'ಎಲ್ಲಾ ಮನೇಲೂ ಹೀಗೇ ಆಯ್ತು, ಮೇಡಂ.
ಎರಡನೇ ಸಲ ಕೇಳೋಕೆ ನಾಚಿಕೆ ಆಯ್ತು.'
ನನ್ನ ಕಿವಿಗೆ ಬಾಯಿಟ್ಟು ಹೇಳಿದೆ.

ಆಗ ಕರೆಂಟು ಹೋಯಿತು.

ಲಾಳಿ ಎಲ್ಲಿತ್ತೋ ಅಲ್ಲೇ ನಿಂತಿತು.
'ಈಗ ಕೇಳವ್ವ, ಬಿರ್ನೆ, ಬಂದ್ಬುಡ್ತದೆ.
ಗಂಟೆ ಲೆಕ್ಕ ನಾ ಕಾಣೆ. ಸೀರೆ ಲೆಕ್ಕ ನಮ್ದು.
ಲಗ್ನದ ತಿಂಗ್ಳಲ್ಲಿ ರಾತ್ರಿ ಎಲ್ಡಾದ್ರೂ ಆದೀತು.
ಇದು ನಿಂತ್ರೂ ತಲೆ ಒಳ್ಗೆ
ಇನ್ನೊಂದು ಮಗ್ಗ ಓಡ್ತಾನೇ ಇರ್ತದೆ, ಅದಕ್ಕೆ ಕೂಲಿ ಇಲ್ಲ.'
ನಕ್ಕಳು.

ಅವಳ ಬೆನ್ನ ಹಿಂದೆ ಸೀರೆಯ ಜೋಲಿ.
ಸದ್ದಿಗೆ ಮಲಗಿದ್ದ ಮೊಮ್ಮಗು
ಸದ್ದು ನಿಂತದ್ದಕ್ಕೆ ಎದ್ದು
ಜೋರಾಗಿ ಅಳುತ್ತಿತ್ತು.
ನೀನು ಅತ್ತ ನೋಡಿದೆ. ನಾನೂ.
ಅವಳು ಮಾತ್ರ
ಮುಂದಿನ ಪ್ರಶ್ನೆಗೆ ಕಾದು
ನಿನ್ನ ತುಟಿಯನ್ನೇ ನೋಡುತ್ತಿದ್ದಳು.

ಇದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಇರಲಿಲ್ಲ.
ನಲವತ್ತೊಂದು ಪ್ರಶ್ನೆ; ಬರೆದವಳು ನಾನು.
ನೀನು ಟ್ಯಾಬ್ಲೆಟ್ಟನ್ನು ನೂಲಿನ ಬುಟ್ಟಿಯಲ್ಲಿಟ್ಟು
ಅವಳ ಭುಜ ಮುಟ್ಟಿದೆ.

ವಾಪಸು ಬರುವಾಗ ಹೇಳಿದೆ,
ಕಿಟಕಿಯ ಕಡೆ ಮುಖ ಮಾಡಿ:
ಎಂಬತ್ತೊಂಬತ್ತರಲ್ಲಿ, ಆನೇಕಲ್ ಬಸ್ ಸ್ಟ್ಯಾಂಡಿನಲ್ಲಿ ಕೂತು
ಹನ್ನೊಂದು ಮಕ್ಕಳ ತೂಕ ನಾನೇ ಬರೆದೆ.
ತಕ್ಕಡಿ ಭಾರವಿತ್ತು, ಹಸಿವಾಗಿತ್ತು, ಅಷ್ಟೇ.
ನಮ್ಮ ಪ್ರೊಫೆಸರು ಹಾಳೆ ನೋಡಿದರು, ನನ್ನನ್ನೂ ನೋಡಿದರು,
ರುಜು ಹಾಕಿದರು.
ಆ ಹನ್ನೊಂದು ಮಕ್ಕಳು ಈಗಲೂ
ಯಾವುದೋ ಲೈಬ್ರರಿಯ ಒಂದು ಟೇಬಲ್ಲಿನಲ್ಲಿದ್ದಾರೆ,
ಒಂದು ಗ್ರಾಮೂ ಬೆಳೆಯದೆ.

ನೀನು ಏನೂ ಅನ್ನಲಿಲ್ಲ.
ಕಡಲೆಕಾಯಿ ಪೊಟ್ಟಣ ನನ್ನ ಕಡೆ ಚಾಚಿದೆ.

ಮುಂದಿನ ಶನಿವಾರ ನೀನು ತಂದ ಕಾಲಂ
ನೋಡಲು ಚೆಂದವಿರಲಿಲ್ಲ:
ಒಂಬತ್ತೂವರೆ. ಹದಿನೈದು. 'ಕರೆಂಟ್ ಇದ್ದಷ್ಟು.'
ಆರು. 'ಸೀರೆ ಮುಗಿಯೋ ತನಕ.'
ಅಳಿಸಿ ಬರೆದ ಒಂದು ಹನ್ನೆರಡು.
ಒಂದು ಕಡೆ ಖಾಲಿ; ಪಕ್ಕದಲ್ಲಿ
ನಿನ್ನ ಓರೆ ಅಕ್ಷರ:
ಬಾಗಿಲು ತೆಗೀಲಿಲ್ಲ. ಮತ್ತೆ ಹೋಗಬೇಕು.